ಹೆಗಲಿನ ನೋವಿಗೆ ಬಿಲ್ಲುಗಾರನ ಪಾಠ

(ಅಡಿಕೆ ಬೆಳೆಗಾರರ ಸಭೆಯಲ್ಲಿ ಗ್ರಾಮಸೇವಕರೊಬ್ಬರು ಮಾಡಿದ ಭಾಷಣ)



ಎತ್ತಿನ ಹೆಗಲು ಬಾತುಕೊಂಡರೆ ನೀವು ಏನು ಮಾಡುತ್ತೀರಿ? ನೊಗ ಇಳಿಸುತ್ತೀರಿ. ಎಣ್ಣೆ ಅರಿಶಿನ ಹಚ್ಚಿ ಕೊಟ್ಟಿಗೆಯಲ್ಲಿ ಕಟ್ಟುತ್ತೀರಿ. ಬಾವು ಇಳಿದ ಮೇಲೂ ಮೊದಲ ದಿನವೇ ಗಾಡಿ ತುಂಬ ಹೇರು ಹಾಕುವುದಿಲ್ಲ. ಮೊದಲು ಬರಿಯ ಗಾಡಿ, ಆಮೇಲೆ ಅರ್ಧ ಹೇರು, ಅದು ಸರಿಹೋದರೆ ಪೂರ್ತಿ ಹೇರು. ಇದು ಅಜ್ಜ ಮುತ್ತಜ್ಜಂದಿರಿಂದ ಬಂದ ಬುದ್ಧಿ. ಯಾರೂ ನಿಮಗೆ ಹೇಳಿಕೊಡಬೇಕಾಗಿಲ್ಲ.

ಆದರೆ ನಿಮ್ಮ ಸ್ವಂತ ಹೆಗಲು ನೊಂದರೆ? ಒಂದು ಮಾತ್ರೆ ನುಂಗಿ ತೋಟಕ್ಕೆ ಹೊರಡುತ್ತೀರಿ. ಎತ್ತಿಗೆ ತೋರಿಸುವ ದಯೆಯನ್ನು ನಿಮಗೆ ನೀವೇ ತೋರಿಸಿಕೊಳ್ಳುವುದಿಲ್ಲ. ಆದ್ದರಿಂದ ಇವತ್ತು ಗೊಬ್ಬರ, ಬೀಜ, ಔಷಧಿಗಳ ಮಾತನ್ನು ಬದಿಗಿಟ್ಟು ಹೆಗಲಿನ ಮಾತನ್ನೇ ಆಡಬೇಕೆಂದು ನಿಮ್ಮ ಮುಂದೆ ನಿಂತಿದ್ದೇನೆ.

ನಾನು ವೈದ್ಯನಲ್ಲ. ಕೃಷಿ ಡಿಪ್ಲೊಮಾ ಓದಿದವನು. ಹಾಗಾದರೆ ಈ ವಿಷಯ ನನಗೇಕೆ ಎಂದು ನೀವು ಕೇಳಬಹುದು. ಇದರಲ್ಲಿ ನನ್ನದೂ ಒಂದು ತಪ್ಪು ಉಂಟು. ಅದನ್ನು ಮೊದಲು ಒಪ್ಪಿಕೊಂಡುಬಿಡುತ್ತೇನೆ.

ಅಡಿಕೆ ಮರ ಹತ್ತುವ ಕೊನೆಗಾರರು ಈಗ ಸಿಕ್ಕುವುದು ಕಷ್ಟ. ಸಿಕ್ಕಿದರೂ, ಮಳೆಯಲ್ಲಿ ಜಾರುವ ಮರದಿಂದ ಬಿದ್ದು ಸೊಂಟ ಮುರಿದುಕೊಂಡವರನ್ನು ನಾವೆಲ್ಲರೂ ಕಂಡಿದ್ದೇವೆ. ಆದ್ದರಿಂದ ನೆಲದ ಮೇಲೆ ನಿಂತೇ ಔಷಧಿ ಹೊಡೆಯಲು, ಗೊನೆ ಇಳಿಸಲು ಕಾರ್ಬನ್ ಫೈಬರ್ ದೋಟಿ ತರಿಸಿರೆಂದು ಮನೆ ಮನೆಗೆ ಹೋಗಿ ಹೇಳಿದವನು ನಾನು. ಆ ಮಾತಿಗೆ ನಾನು ಈಗಲೂ ಬದ್ಧನಾಗಿದ್ದೇನೆ. ಮರದಿಂದ ಬೀಳುವುದಕ್ಕಿಂತ ನೆಲದ ಮೇಲೆ ನಿಲ್ಲುವುದು ಲೇಸು. ಆದರೆ ಅಷ್ಟುದ್ದದ ದೋಟಿಯನ್ನು ದಿನವಿಡೀ ತಲೆಯ ಮೇಲೆ ಕೈಯೆತ್ತಿ ಆಡಿಸಿದರೆ ಹೆಗಲಿಗೆ ಏನಾಗುತ್ತದೆ ಎಂಬುದನ್ನು ನಾನು ಹೇಳಲಿಲ್ಲ. ಹೇಳಲಿಲ್ಲ ಏಕೆಂದರೆ ನನಗೇ ತಿಳಿದಿರಲಿಲ್ಲ.

2023ರ ಮೇ ತಿಂಗಳ ಕೊನೆಯಲ್ಲಿ, ಮುಂಗಾರು ಹಿಡಿಯುವ ಮೊದಲು, ನಮ್ಮ ಬ್ಲಾಕಿನ ಒಬ್ಬ ಯಜಮಾನರ ತೋಟದಲ್ಲಿ ದೋಟಿಯಿಂದ ಬೋರ್ಡೋ ದ್ರಾವಣ ಹೊಡೆಯುವ ಪ್ರಾತ್ಯಕ್ಷಿಕೆ ಇಟ್ಟುಕೊಂಡೆ. ಅವರಿಗೆ 58 ವರ್ಷ. ಮೈಯಲ್ಲಿ ಕಸುವುಳ್ಳವರು. ನೆರೆದವರ ಎದುರು ಹುರುಪಿನಿಂದ ದೋಟಿ ಹಿಡಿದರು. ಮಳೆ ಹತ್ತಿರ ಬಂದಿತ್ತು. ಪ್ರಾತ್ಯಕ್ಷಿಕೆ ಮುಗಿದ ಮೇಲೆ ಅವರೊಬ್ಬರೇ ನಾಲ್ಕು ದಿನ ಎಡೆಬಿಡದೆ ತೋಟವೆಲ್ಲ ಹೊಡೆದರು. ನಾಲ್ಕನೆಯ ದಿನ ಸಂಜೆ ಬಲ ಹೆಗಲಿನಲ್ಲಿ ಏನೋ ಚಳಕ್ಕೆಂದಿತಂತೆ. ಉಳುಕಿರಬೇಕೆಂದು ಸುಮ್ಮನಾದರು. ನೋವಿನ ಮಾತ್ರೆ ನುಂಗಿ, 45 ದಿನಗಳ ಮೇಲೆ ಎರಡನೆಯ ಸಿಂಪಡಣೆಯನ್ನೂ ತಾವೇ ಮಾಡಿದರು. ನವೆಂಬರಿನಲ್ಲಿ ಕೊಯ್ಲು ಬಂದಾಗ ಅವರ ಬಲಗೈ ಭುಜದ ಮಟ್ಟಕ್ಕೆ ಏಳುತ್ತಿರಲಿಲ್ಲ.

ಅವರು ಯಾರಿಗೂ ಹೇಳಲಿಲ್ಲ. ನಮ್ಮ ಕಡೆಯ ಯಜಮಾನರ ಸ್ವಭಾವ ನಿಮಗೆ ಗೊತ್ತೇ ಇದೆ.

ಅದು ಹೊರಬಿದ್ದದ್ದು ಅವರ ಮಗನಿಂದ. ಮಗ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಉದ್ಯೋಗದಲ್ಲಿದ್ದಾನೆ. ಆ ವರ್ಷದ ಕೊನೆಯಲ್ಲಿ ರಜೆಯ ಮೇಲೆ ಊರಿಗೆ ಬಂದ. ಎರಡನೆಯ ದಿನ ಬೆಳಿಗ್ಗೆ ಬಚ್ಚಲ ಬಾಗಿಲಿನಲ್ಲಿ ನಿಂತು ನೋಡಿದನಂತೆ: ತಂದೆ ಎಡಗೈಯಿಂದ ಚೊಂಬು ಎತ್ತಿ ತಲೆಗೆ ನೀರು ಹೊಯ್ದುಕೊಳ್ಳುತ್ತಿದ್ದರು. ಬಲಗೈ ಪಕ್ಕಕ್ಕೆ ಇಳಿಬಿದ್ದಿತ್ತು.

“ಅಪ್ಪಯ್ಯ, ರಾತ್ರಿ ಬಲ ಮಗ್ಗುಲಲ್ಲಿ ಮಲಗಲು ಆಗುತ್ತದೆಯೇ?” ಎಂದು ಕೇಳಿದ.

“ಇಲ್ಲ ಮಾರಾಯ, ನಿನಗೆ ಹೇಗೆ ತಿಳಿಯಿತು?” ಎಂದರು.

“ನನ್ನದೂ ಇದೇ ಆಗಿತ್ತು” ಎಂದ ಮಗ.

ಬಂಧುಗಳೇ, ಮಗನಿಗೆ ಆದದ್ದು ದೋಟಿಯಿಂದಲ್ಲ, ಬಿಲ್ಲಿನಿಂದ. ಅವನು ಅಲ್ಲಿ ಬಿಲ್ಲುಬೇಟೆಗೆ ಹೋಗುತ್ತಾನೆ. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆ ಅಪರಾಧ. ಆ ವಿಷಯದಲ್ಲಿ ಯಾರಿಗೂ ಸಂಶಯ ಬೇಡ. ಬಿಲ್ಲು ಹಿಡಿದ ಬೇಟೆಗಾರ್ತಿಯನ್ನು ನಾವು ನೋಡಬೇಕಾದರೆ ಬೇಲೂರಿನ ಮದನಿಕೆಯರಲ್ಲಿ ನೋಡಬೇಕು. ಅಲ್ಲಿ ಹಾಗಲ್ಲ. ವಿಸ್ಕಾನ್ಸಿನ್ ನಮ್ಮಂತೆಯೇ ಬೇಸಾಯದ ನಾಡು, ಹೈನಿಗೆ ಹೆಸರಾದದ್ದು. ಅಲ್ಲಿ ಬಿಳಿಬಾಲದ ಜಿಂಕೆಗಳು ಬಹಳ. ಜೋಳಕ್ಕೂ ಸೋಯಾ ಅವರೆಗೂ ಬಾಯಿ ಹಾಕುತ್ತವೆ. ಸರ್ಕಾರ ಪರವಾನಿಗಿ ಕೊಟ್ಟು, ಕಾಲ ಗೊತ್ತುಮಾಡಿ ಬೇಟೆಗೆ ಬಿಡುತ್ತದೆ. ಬಿಲ್ಲಿನವರ ಕಾಲ ಸೆಪ್ಟೆಂಬರ್ ನಡುವಿನಿಂದ ಜನವರಿಯ ಆರಂಭದವರೆಗೆ. ಬೇಟೆಗಾರ ಮರಕ್ಕೆ ಕಟ್ಟಿದ ಅಟ್ಟಣಿಗೆಯ ಮೇಲೆ, ಬೀಳದಂತೆ ಸೊಂಟಕ್ಕೆ ಎದೆಗೆ ಪಟ್ಟಿ ಬಿಗಿದುಕೊಂಡು, ಚಳಿಯಲ್ಲಿ ಗಂಟೆಗಟ್ಟಲೆ ಅಲುಗಾಡದೆ ಕುಳಿತಿರುತ್ತಾನೆ. ಜಿಂಕೆ ಬಂದಾಗ ಆ ಮರಗಟ್ಟಿದ ಹೆಗಲಿನಿಂದಲೇ ಒಮ್ಮೆಲೇ ಬಿಲ್ಲು ಎಳೆಯಬೇಕು.

ಆ ಬಿಲ್ಲಿನ ಬಿಗಿತವನ್ನು ಅವರು ಪೌಂಡಿನಲ್ಲಿ ಅಳೆಯುತ್ತಾರೆ. ನಮ್ಮ ಹುಡುಗನದು 70 ಪೌಂಡು, ಎಂದರೆ ಸುಮಾರು 32 ಕಿಲೋ. ಈಗಿನ ಬಿಲ್ಲುಗಳ ಎರಡು ತುದಿಗೂ ರಾಟೆ ಇರುತ್ತವೆ. ಅಮೆರಿಕದ ಮಿಸೌರಿ ರಾಜ್ಯದ ಆಲೆನ್ ಎಂಬವರು 1969ರಲ್ಲಿ ಇಂಥ ಬಿಲ್ಲಿಗೆ ಪೇಟೆಂಟ್ ಪಡೆದರು. ನಡುದಾರಿಯವರೆಗೆ ಪೂರ್ತಿ ಭಾರ ಎಳೆಯಬೇಕು. ಆಮೇಲೆ ರಾಟೆ ತಿರುಗಿ ಭಾರ ಹಗುರಾಗುತ್ತದೆ, ಗುರಿ ಹಿಡಿದು ನಿಲ್ಲುವುದು ಸುಲಭವಾಗುತ್ತದೆ. ಆದರೆ ಆ ನಡುದಾರಿಯ ಏರನ್ನು ದಾಟುವವರೆಗೆ ಹೆಗಲಿಗೆ ಬಿಡುಗಡೆ ಇಲ್ಲ. ಹುಡುಗ ವರ್ಷವೆಲ್ಲ ಕುರ್ಚಿಯ ಮೇಲೆ ಕುಳಿತು ಕೆಲಸ ಮಾಡಿ, ಬೇಟೆಯ ಕಾಲ ಹತ್ತಿರ ಬಂದಿತೆಂದು ದಿನಕ್ಕೆ ನೂರು ಬಾಣದಂತೆ ವಾರವಿಡೀ ಅಭ್ಯಾಸ ಮಾಡಿದ. ಏಳನೆಯ ದಿನ ಬಲ ಹೆಗಲು ಚಳಕ್ಕೆಂದಿತು.

ತಂದೆ ನಾಲ್ಕು ದಿನ ದೋಟಿ ಎತ್ತಿದರು. ಮಗ ಏಳು ದಿನ ಬಿಲ್ಲು ಎಳೆದ. ಇಬ್ಬರೂ ಕಾಲ ಮೀರುತ್ತದೆಂಬ ಆತುರದಲ್ಲಿ ಹೆಗಲಿಗೆ ರೂಢಿಯಿಲ್ಲದ ಹೊರೆ ಹೊರಿಸಿದರು. ಬೇನೆ ಒಂದೇ.

ಈ ಬೇನೆ ಏನು?

ಹೆಗಲಿನ ಕೀಲು ಬಟ್ಟಲಿನಲ್ಲಿ ಇಟ್ಟ ಗುಂಡಿನಂತೆ. ಆದರೆ ಬಟ್ಟಲು ಚಿಕ್ಕದು, ಗುಂಡು ದೊಡ್ಡದು. ಆದ್ದರಿಂದಲೇ ಕೈ ಎಲ್ಲಾ ದಿಕ್ಕಿಗೂ ತಿರುಗುತ್ತದೆ. ಆದ್ದರಿಂದಲೇ ಗುಂಡು ಜಾರುವ ಭಯವೂ ಉಂಟು. ಗುಂಡನ್ನು ಬಟ್ಟಲಿನಲ್ಲಿ ಹಿಡಿದಿಡಲು ನಾಲ್ಕು ಮಾಂಸಖಂಡಗಳಿವೆ. ಅವನ್ನು ಎಲುಬಿಗೆ ಬಿಗಿದಿರುವ ಹಗ್ಗಗಳಿಗೆ ಸ್ನಾಯುರಜ್ಜು ಎಂದು ಹೆಸರು. ನಾವು ಬಾಯಿಮಾತಿನಲ್ಲಿ “ನರ ಹರಿಯಿತು” ಎನ್ನುತ್ತೇವಲ್ಲ, ಅದು ನರವಲ್ಲ, ಈ ಹಗ್ಗ. ನಾಲ್ಕರಲ್ಲಿ ಮೇಲಿನದು ಹೆಗಲ ತುದಿಯ ಎಲುಬಿನ ಸೂರಿನ ಕೆಳಗೆ ಇಕ್ಕಟ್ಟಿನಲ್ಲಿ ಹಾದುಹೋಗುತ್ತದೆ. ಹೆಚ್ಚಾಗಿ ನೋಯುವುದು, ಹರಿಯುವುದು ಅದೇ.

ಬಾವಿಯ ಹಗ್ಗವನ್ನು ನೆನೆದುಕೊಳ್ಳಿ. ಹಗ್ಗ ಒಂದೇ ದಿನ ಹರಿಯುವುದಿಲ್ಲ. ಉಜ್ಜಿ ಉಜ್ಜಿ ಎಳೆ ಎಳೆಯಾಗಿ ಸವೆದು, ಒಂದು ದಿನ ತುಂಬಿದ ಕೊಡಕ್ಕೆ ತಡೆಯದೆ ಹೋಗುತ್ತದೆ. ವಯಸ್ಸಾದಂತೆ ಈ ರಜ್ಜು ತಾನಾಗಿಯೇ ಸವೆಯುತ್ತದೆ. ಅದಕ್ಕೆ ರಕ್ತದ ಹರಿವೂ ಕಡಿಮೆ. ಆದ್ದರಿಂದ ಗಾಯವಾದರೆ ಮಾಂಸದ ಗಾಯದಂತೆ ಬೇಗ ಮಾಯುವುದಿಲ್ಲ. ಬೀಡಿ ಸಿಗರೇಟು ಸೇದುವವರಿಗೂ ಸಕ್ಕರೆ ಕಾಯಿಲೆಯವರಿಗೂ ಇನ್ನೂ ನಿಧಾನ.

ಲಕ್ಷಣಗಳನ್ನು ಕೇಳಿ. ನೋವು ಹೆಗಲಿನ ತುದಿಯಿಂದ ತೋಳಿನ ಹೊರಮೈಗೆ ಇಳಿಯುತ್ತದೆ. ಕೈ ಪಕ್ಕದಿಂದ ಮೇಲೆತ್ತುವಾಗ ನಡುವಿನಲ್ಲಿ ಒಂದು ಕಡೆ ಚುಚ್ಚುತ್ತದೆ. ರಾತ್ರಿ ಆ ಮಗ್ಗುಲಲ್ಲಿ ಮಲಗಲಾಗುವುದಿಲ್ಲ. ಅಂಗಿ ತೊಡುವುದು, ತಲೆ ಬಾಚುವುದು, ಹೆಂಗಸರಿಗೆ ಜಡೆ ಹಾಕಿಕೊಳ್ಳುವುದು ಕಷ್ಟವಾಗುತ್ತದೆ. ನೋವಿಗಿಂತ ಹೆಚ್ಚಾಗಿ ಕೈಯಲ್ಲಿ ಬಲವೇ ಇಲ್ಲದಂತಾದರೆ ರಜ್ಜು ಹರಿದಿರಬಹುದು. ಎಕ್ಸ್-ರೇಯಲ್ಲಿ ಎಲುಬು ಕಾಣುತ್ತದೆಯೇ ಹೊರತು ರಜ್ಜು ಕಾಣುವುದಿಲ್ಲ. “ಎಕ್ಸ್-ರೇ ಸರಿಯಾಗಿದೆ, ಏನೂ ಇಲ್ಲ” ಎಂದು ಮನೆಗೆ ಬಂದವರು ಇದನ್ನು ನೆನಪಿಡಬೇಕು. ಅಲ್ಟ್ರಾಸೌಂಡ್ ಇಲ್ಲವೆ ಎಂ.ಆರ್.ಐ. ಪರೀಕ್ಷೆಯಲ್ಲಿ ಅದು ಕಾಣುತ್ತದೆ. ಯಾವುದು ಬೇಕೆಂಬುದನ್ನು ವೈದ್ಯರು ನಿರ್ಧರಿಸುತ್ತಾರೆ.

ಮಗ ತಂದೆಯನ್ನು ಜಿಲ್ಲಾ ಕೇಂದ್ರಕ್ಕೆ ಕರೆದೊಯ್ದು ಎಲುಬಿನ ವೈದ್ಯರಿಗೆ ತೋರಿಸಿದ. ಮೇಲಿನ ರಜ್ಜು ಅರ್ಧ ಹರಿದಿತ್ತು. ಪೂರ್ತಿ ಹರಿದಿರಲಿಲ್ಲ. ಶಸ್ತ್ರಚಿಕಿತ್ಸೆ ಸದ್ಯಕ್ಕೆ ಬೇಡ, ಮೂರು ತಿಂಗಳು ವ್ಯಾಯಾಮ ಮಾಡಿಸೋಣ ಎಂದು ವೈದ್ಯರು ಹೇಳಿದರು. ಯಜಮಾನರಿಗೆ ನಂಬಿಕೆ ಬರಲಿಲ್ಲ. “ನೋವಿರುವ ಕೈಗೆ ವ್ಯಾಯಾಮವೇ? ಒಂದು ಇಂಜೆಕ್ಷನ್ ಕೊಡಿಸು, ಕೊಯ್ಲು ಮುಗಿಸುತ್ತೇನೆ” ಎಂದರು. ಆಗ ಮಗ ತನ್ನ ಕಥೆ ಹೇಳಿದ. ಆ ಹೊತ್ತಿಗೆ ನಾನೂ ಅವರ ಜಗುಲಿಯ ಮೇಲೆ ಕುಳಿತಿದ್ದೆ. ಅವನು ಹೇಳಿದ್ದನ್ನು ಬರೆದುಕೊಂಡು ಬಂದೆ. ಅದನ್ನೇ ನಿಮಗೆ ಈಗ ಒಪ್ಪಿಸುತ್ತಿದ್ದೇನೆ.

ಅವನಿಗೂ ಅರ್ಧ ಹರಿದಿತ್ತು. ಮೊದಲ ಎರಡು ವಾರ ಬಿಲ್ಲು ಮುಟ್ಟಲಿಲ್ಲ. ಆದರೆ ಕೈಯನ್ನು ಜೋಳಿಗೆಯಲ್ಲಿ ಕಟ್ಟಿ ಕೂರಲೂ ಇಲ್ಲ. ಹೆಗಲನ್ನು ವಾರಗಟ್ಟಲೆ ಆಡಿಸದಿದ್ದರೆ ಕೀಲು ಬಿಗಿದುಕೊಳ್ಳುತ್ತದೆ. ಆಮೇಲೆ ಅದನ್ನು ಸಡಿಲಿಸುವುದೇ ಬೇರೆ ಕೆಲಸವಾಗುತ್ತದೆ. ಆರನೆಯ ವಾರಕ್ಕೆ ನೋವು ಬಹುಮಟ್ಟಿಗೆ ಹೋಯಿತು. ಕಾಲ ಇನ್ನೂ ಮುಗಿದಿರಲಿಲ್ಲ, ಕಾಡಿನಲ್ಲಿ ಜಿಂಕೆ ಓಡಾಡುತ್ತಿದ್ದವು. ನೋವಿಲ್ಲವಲ್ಲ ಎಂದು ಅದೇ 70 ಪೌಂಡಿನ ಬಿಲ್ಲನ್ನು ಒಮ್ಮೆ ಎಳೆದ. ಅಷ್ಟೇ. ಮೊದಲಿಗಿಂತ ಹೆಚ್ಚು ನೊಂದು, ಮೊದಲ ದಿನದಿಂದ ಮತ್ತೆ ಆರಂಭಿಸಬೇಕಾಯಿತು. ಆ ವರ್ಷದ ಬೇಟೆ ಹೋಯಿತು.

ಬಂಧುಗಳೇ, ಇಲ್ಲಿಯೇ ಇಡೀ ವಿಷಯದ ತಿರುಳು ಇದೆ. ನೋವು ಹೋಗುವುದು ಬೇರೆ, ರಜ್ಜು ಬಲಗೊಳ್ಳುವುದು ಬೇರೆ. ನೋವು ಮೊದಲು ಹೋಗುತ್ತದೆ. ಬಲ ತಿಂಗಳುಗಳ ಮೇಲೆ ಬರುತ್ತದೆ. ನಡುವಿನ ಆ ಕಾಲವೇ ಅಪಾಯದ ಕಾಲ. ಅಡಿಕೆ ಸಸಿ ನಾಲ್ಕು ಹಸಿರು ಎಲೆ ಬಿಟ್ಟಿತೆಂದು ಆ ವರ್ಷವೇ ಗೊನೆ ಕೇಳುತ್ತೀರಾ?

ಎರಡನೆಯ ಸಲ ಅವನು ಬುದ್ಧಿವಂತನಾದ. ಗೆಳೆಯನಿಂದ 20 ಪೌಂಡಿನ, ಎಂದರೆ 9 ಕಿಲೋ ಎಳೆತದ ಹಗುರ ಬಿಲ್ಲು ತಂದ. ರಬ್ಬರ್ ಪಟ್ಟಿಯ ವ್ಯಾಯಾಮ ಮೂರು ತಿಂಗಳು ಆದ ಮೇಲೆ ಮಾತ್ರ ಅದನ್ನು ಎಳೆದ. ಬಾಣ ಹೂಡದೆ ನಿಧಾನವಾಗಿ ಎಳೆದು, ನಿಧಾನವಾಗಿ ಹಿಂದಕ್ಕೆ ಬಿಡುವುದು. ಬಾಣವಿಲ್ಲದೆ ಹೆದೆಯನ್ನು ಠಪ್ಪನೆ ಬಿಟ್ಟರೆ ಬಿಲ್ಲೇ ಮುರಿಯಬಹುದು. ಆಮೇಲೆ ದಿನ ಬಿಟ್ಟು ದಿನ 10 ಬಾಣ. ಎರಡು ವಾರ ಸರಿಹೋದರೆ 15. ಬಾಣದ ಸಂಖ್ಯೆ ಹೆಚ್ಚಿಸಿದ ವಾರ ಬಿಲ್ಲಿನ ಭಾರ ಹೆಚ್ಚಿಸಲಿಲ್ಲ. ಭಾರ ಹೆಚ್ಚಿಸಿದ ವಾರ ಬಾಣ ಹೆಚ್ಚಿಸಲಿಲ್ಲ. ಮುಂದಿನ ಸೆಪ್ಟೆಂಬರಿಗೆ 45 ಪೌಂಡಿಗೆ ಬಂದು ನಿಂತ. ಅಲ್ಲಿಯ ಅನೇಕ ರಾಜ್ಯಗಳಲ್ಲಿ ಜಿಂಕೆ ಬೇಟೆಗೆ ಬಿಲ್ಲಿನ ಎಳೆತ ಇಂತಿಷ್ಟಕ್ಕೆ ಕಡಿಮೆ ಇರಕೂಡದೆಂದು ನಿಯಮ ಇರುತ್ತದೆ. ಪ್ರಾಣಿ ನರಳದೆ ಒಂದೇ ಬಾಣಕ್ಕೆ ಸಾಯಲಿ ಎಂಬುದು ಅದರ ಉದ್ದೇಶ. 45 ಪೌಂಡು ಆ ಮಿತಿಯ ಮೇಲೆಯೇ ಇತ್ತು.

ಹಳೆಯ 70ಕ್ಕೆ ಹೋಗಬೇಕೆಂಬ ಆಸೆ ಅವನಿಗೂ ಇತ್ತು. ಆದರೆ ಅವನು ಬೇರೊಂದು ಲೆಕ್ಕ ಹಾಕಿದ. ಬಿಲ್ಲಿನ ಬಲ ಕಡಿಮೆಯಾದರೆ ಗುರಿಯ ದೂರ ಕಡಿಮೆ ಮಾಡಿಕೊಂಡರಾಯಿತು. ಮೊದಲು 40 ಗಜದಿಂದ ಹೊಡೆಯುತ್ತಿದ್ದವನು 20 ಗಜಕ್ಕೆ ಬರುವವರೆಗೆ ಕಾದ. ಹೆಚ್ಚು ಹೊತ್ತು ಕಾಯಬೇಕಾಯಿತು. ಆದರೆ ಆ ವರ್ಷ ಜಿಂಕೆ ಸಿಕ್ಕಿತು, ಹೆಗಲೂ ಉಳಿಯಿತು. ಹೆಗಲು ಪೂರ್ತಿ ಕೆಟ್ಟವರು ಅಡ್ಡಬಿಲ್ಲು ಹಿಡಿಯುತ್ತಾರೆ. ಅದನ್ನು ಹಿಡಿಕೆ ತಿರುಗಿಸಿ ಏರಿಸಬಹುದು; ಏರಿಸಿದ ಮೇಲೆ ಅದು ತಾನೇ ನಿಲ್ಲುತ್ತದೆ. 2014ರಿಂದ ವಿಸ್ಕಾನ್ಸಿನ್‌ನಲ್ಲಿ ಅದಕ್ಕೆ ಎಲ್ಲರಿಗೂ ಅವಕಾಶವಿದೆ. ಅದರಲ್ಲಿ ಅವಮಾನ ಏನೂ ಇಲ್ಲ ಎಂದ.

ಬಿಲ್ಲು ತನಗೆ ಭಾರವೋ ಅಲ್ಲವೋ ಎಂದು ನೋಡಲು ಅವರಲ್ಲಿ ಒಂದು ಪರೀಕ್ಷೆ ಉಂಟು. ಕುರ್ಚಿಯ ಮೇಲೆ ಕುಳಿತು, ಬಿಲ್ಲನ್ನು ಗುರಿಯ ನೇರಕ್ಕೆ ಹಿಡಿದು, ಅಲ್ಲಿಂದಲೇ ಹಿಂದಕ್ಕೆ ಎಳೆಯಬೇಕು. ಎಳೆಯುವಾಗ ಬಿಲ್ಲು ಆಕಾಶ ನೋಡಿದರೆ, ಮೈ ತಿರುಚಿದರೆ, ಉಸಿರು ಬಿಗಿಹಿಡಿಯಬೇಕಾಗಿ ಬಂದರೆ ಆ ಬಿಲ್ಲು ಭಾರ. ಇದನ್ನು ಕೇಳಿ ಯಜಮಾನರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ನನ್ನ ಕಡೆ ತಿರುಗಿ, “ತಮ್ಮಾ, ನಾನು ಆ ದೋಟಿಯನ್ನು ಮೈ ತಿರುಚದೆ ಒಂದು ಸಲವಾದರೂ ನಿಲ್ಲಿಸಿದ್ದೆನೇನೋ?” ಎಂದು ಕೇಳಿದರು. ನಾನು ಉತ್ತರ ಹೇಳಲಿಲ್ಲ. ಆ ದಿನ ಎದುರಿಗೆ ನಿಂತು ನೋಡಿದವನು ನಾನೇ.

ಈಗ ನಮ್ಮ ಮನೆಗಳಲ್ಲಿ ಇದನ್ನು ಹೇಗೆ ಆಚರಣೆಗೆ ತರಬಹುದು ಎಂಬುದನ್ನು ನೋಡೋಣ. ಮೊದಲು ವೈದ್ಯರಿಗೆ ತೋರಿಸಿ, ವ್ಯಾಯಾಮ ತಜ್ಞರಿಂದ ನಿಮಗೆ ತಕ್ಕದ್ದನ್ನು ಕಲಿತುಕೊಳ್ಳಬೇಕು. ಯಜಮಾನರಿಗೆ ಅವರು ಹೇಳಿಕೊಟ್ಟ ಕ್ರಮ ಹೀಗಿತ್ತು.

ಒಂದನೆಯದು: ಒಳ್ಳೆಯ ಕೈಯನ್ನು ಮೇಜಿಗೆ ಊರಿ ಮುಂದಕ್ಕೆ ಬಾಗಿ, ನೋವಿನ ಕೈಯನ್ನು ತೊಟ್ಟಿಲ ಹಗ್ಗದಂತೆ ಇಳಿಬಿಟ್ಟು ಮೆಲ್ಲಗೆ ತೂಗುವುದು. ದಿನಕ್ಕೆ ಎರಡು ಮೂರು ಸಲ, ಒಂದೊಂದು ನಿಮಿಷ.

ಎರಡನೆಯದು: ಗೋಡೆಯ ಎದುರು ನಿಂತು ಬೆರಳುಗಳನ್ನು ಇರುವೆ ಹತ್ತಿದಂತೆ ಮೇಲಕ್ಕೆ ನಡೆಸುವುದು. ಎಲ್ಲಿಯವರೆಗೆ ಹೋಯಿತೋ ಅಲ್ಲಿ ಇದ್ದಲಿನ ಗೆರೆ ಎಳೆಯುವುದು. ಯಜಮಾನರ ಮನೆಯ ಗೋಡೆಯ ಮೇಲೆ ಈಗಲೂ ಆ ಗೆರೆಗಳಿವೆ. ಮೊಮ್ಮಕ್ಕಳ ಎತ್ತರ ಅಳೆದ ಗೆರೆಗಳ ಪಕ್ಕದಲ್ಲಿಯೇ ಇವೂ ಏರಿವೆ.

ಮೂರನೆಯದು: ಮೊಣಕೈಯನ್ನು ಪಕ್ಕೆಗೆ ಒತ್ತಿ ಮಡಿಸಿ, ಮುಷ್ಟಿಯ ಹಿಂಭಾಗದಿಂದ ಬಾಗಿಲ ಚೌಕಟ್ಟನ್ನು ಹೊರಕ್ಕೆ ನೂಕುವುದು. ಕೈ ಅಲುಗಬಾರದು, ಬಲ ಮಾತ್ರ ಹಾಕಬೇಕು. ಹತ್ತು ಎಣಿಸುವವರೆಗೆ ಹಿಡಿದು ಬಿಡುವುದು.

ನಾಲ್ಕನೆಯದು: ಸೈಕಲ್ಲಿನ ಹಳೆಯ ಟ್ಯೂಬನ್ನು ಸೀಳಿ ಕಂಬಕ್ಕೆ ಕಟ್ಟುವುದು. ಪಕ್ಕೆಗೂ ಮೊಣಕೈಗೂ ನಡುವೆ ಮಡಿಸಿದ ಟವಲ್ ಇಟ್ಟುಕೊಂಡು ಟ್ಯೂಬನ್ನು ಹೊರಕ್ಕೆ ಎಳೆಯುವುದು. ಹತ್ತರಿಂದ ಹದಿನೈದು ಸಲ. ಆಮೇಲೆ ಕಂಬಕ್ಕೆ ಎದುರಾಗಿ ನಿಂತು, ಎರಡು ಹೆಗಲಿನ ಹಲಗೆಗಳನ್ನು ಬೆನ್ನ ಹಿಂದೆ ಕೂಡಿಸುವಂತೆ ಟ್ಯೂಬನ್ನು ತನ್ನ ಕಡೆಗೆ ಎಳೆಯುವುದು. ಇದೇ ಬಿಲ್ಲು ಎಳೆಯುವ ಕ್ರಮ. ತೋಳಿನಿಂದ ಎಳೆಯುವವನು ಸೋಲುತ್ತಾನೆ, ಬೆನ್ನಿನಿಂದ ಎಳೆಯುವವನು ಗೆಲ್ಲುತ್ತಾನೆ ಎಂದು ಮಗ ಹೇಳಿಕೊಟ್ಟ.

ಐದನೆಯದು: ಭಾರವನ್ನು ಅಳೆಯುವುದು. ಇದು ಬಿಲ್ಲುಗಾರರಿಂದ ನಾವು ಕಲಿಯಬೇಕಾದ ಮುಖ್ಯ ಪಾಠ. ಅವರಿಗೆ ಬಿಲ್ಲಿನ ಭಾರ ಪೌಂಡಿನಲ್ಲಿ ಗೊತ್ತು. ನಮ್ಮ ಕೆಲಸದ ಭಾರ ನಮಗೆ ಗೊತ್ತೇ ಇಲ್ಲ. ಒಂದು ಲೀಟರ್ ನೀರು ಒಂದು ಕಿಲೋ. ಇದಕ್ಕಿಂತ ಸುಲಭದ ತೂಕದ ಕಲ್ಲು ಬೇಕೇ? ಅರ್ಧ ಲೀಟರಿನ ಬಾಟಲಿ ಎತ್ತಿ ಆರಂಭಿಸಿ. ವಾರ ಕಳೆದು ಒಂದು ಲೀಟರ್. ಬೆನ್ನಿಗೆ ಹೊರುವ ಸಿಂಪಡಣಾ ಯಂತ್ರದಲ್ಲಿ 16 ಲೀಟರ್ ಹಿಡಿದರೆ ಅದು 16 ಕಿಲೋ, ಯಂತ್ರದ ತೂಕ ಬೇರೆ. ಹೆಗಲು ಸುಧಾರಿಸುತ್ತಿರುವವರು 4 ಲೀಟರ್ ತುಂಬಿ ನಾಲ್ಕು ಸಲ ತುಂಬಿಸಿಕೊಂಡರೆ ಯಾರ ಗಂಟು ಹೋಗುತ್ತದೆ? ಎತ್ತಿ ಬೆನ್ನಿಗೆ ಏರಿಸುವುದನ್ನು ಮಾತ್ರ ಇನ್ನೊಬ್ಬರು ಮಾಡಬೇಕು.

ಇದೆಲ್ಲಕ್ಕೂ ಒಂದೇ ಅಳತೆಗೋಲು, ಮರುದಿನದ ಬೆಳಗು. ಮಾಡುವಾಗ ಸ್ವಲ್ಪ ನೋವಾದರೆ, ರಾತ್ರಿಯೊಳಗೆ ಇಳಿದರೆ, ಚಿಂತೆಯಿಲ್ಲ. ಮರುದಿನ ಬೆಳಿಗ್ಗೆ ನೋವು ಹಿಂದಿನ ದಿನಕ್ಕಿಂತ ಹೆಚ್ಚಾಗಿದ್ದರೆ ಒಂದು ಮೆಟ್ಟಿಲು ಕೆಳಗೆ ಇಳಿಯಬೇಕು. ನೋವಿನ ಮಾತ್ರೆ ನುಂಗಿ ಈ ಅಳತೆಯನ್ನು ಸುಳ್ಳು ಮಾಡಕೂಡದು. ಮಾತ್ರೆ ನಿದ್ದೆಗೆ, ವೈದ್ಯರು ಹೇಳಿದಷ್ಟು, ಕೆಲಸಕ್ಕಲ್ಲ.

ಇನ್ನು ದೋಟಿಯ ಬಗ್ಗೆ. ಪ್ರಾತ್ಯಕ್ಷಿಕೆಯ ದಿನ ಹೇಳದೆ ಬಿಟ್ಟದ್ದನ್ನು ಈಗ ಹೇಳುತ್ತೇನೆ. ದೋಟಿಯನ್ನು ಒಬ್ಬರೇ ನಿಲ್ಲಿಸಬೇಡಿ, ಇಬ್ಬರು ಸೇರಿ ನಿಲ್ಲಿಸಿ. ನಿಂತ ಮೇಲೆ ಬುಡವನ್ನು ಮೈಗೆ ಹತ್ತಿರ ಇಟ್ಟುಕೊಳ್ಳಿ. ಕೈಗಳು ಹೆಗಲಿನ ಮಟ್ಟಕ್ಕಿಂತ ಕೆಳಗೆ ಇರುವಂತೆ ಹಿಡಿಯಿರಿ. ಮರದಿಂದ ದೂರ ನಿಂತು ದೋಟಿ ಓರೆ ಮಾಡಿದಷ್ಟೂ ಭಾರ ಹೆಚ್ಚುತ್ತದೆ; ಮರದ ಬುಡಕ್ಕೆ ಸರಿದು ನೆಟ್ಟಗೆ ಹಿಡಿದರೆ ಹಗುರ. ಆದರೆ ಗೊನೆ ಇಳಿಸುವಾಗ ಗೊನೆಯ ನೇರ ಕೆಳಗೆ ನಿಲ್ಲಬೇಡಿ. ಇಪ್ಪತ್ತು ನಿಮಿಷಕ್ಕೊಮ್ಮೆ ಕೈ ಬದಲಿಸಿ, ಆಳು ಬದಲಿಸಿ. ಮೊದಲ ದಿನ ಒಂದು ಗಂಟೆ, ಎರಡನೆಯ ದಿನ ಎರಡು ಗಂಟೆ ಎಂದು ಮೈಗೆ ರೂಢಿ ಮಾಡಿಸಿ. ಎತ್ತರದ ಮರಗಳನ್ನು ಪಳಗಿದ ಆಳಿಗೆ ಬಿಟ್ಟು ಗಿಡ್ಡ ಮರಗಳನ್ನು ನೀವು ಇಟ್ಟುಕೊಳ್ಳಿ. ನಲವತ್ತು ಗಜದ ಜಿಂಕೆಯನ್ನು ಬಿಟ್ಟು ಇಪ್ಪತ್ತು ಗಜದ ಜಿಂಕೆಗೆ ಕಾದಂತೆ.

“ಸರಿ, ಆದರೆ ಕೊಳೆರೋಗ ಕಾಯುತ್ತದೆಯೇ? ಮಳೆ ಕಾಯುತ್ತದೆಯೇ?” ಎಂದು ನೀವು ಕೇಳುತ್ತೀರಿ. ನ್ಯಾಯವಾದ ಪ್ರಶ್ನೆ. ಯಜಮಾನರೂ ಇದನ್ನೇ ಕೇಳಿದರು. ಮಗ ಅಮೆರಿಕಕ್ಕೆ ಹಿಂತಿರುಗಿದ್ದ. 2024ರ ಮುಂಗಾರು ಹತ್ತಿರ ಬಂದಾಗ ಅವರ ಹೆಗಲಿಗೆ ಐದು ತಿಂಗಳ ವ್ಯಾಯಾಮ ಆಗಿತ್ತು. ನೋವು ಹೋಗಿತ್ತು. ದೋಟಿಯ ಕಡೆ ಕೈ ಹೋಗುತ್ತಿತ್ತು. ಆಗ ನಾವು ಕಂಡುಕೊಂಡ ದಾರಿ ಹೊಸದಲ್ಲ, ಹಳೆಯದೇ: ಮುಯ್ಯಾಳು. ಅಕ್ಕಪಕ್ಕದ ಇಬ್ಬರು ತರುಣರು ಅವರ ತೋಟಕ್ಕೆ ಸಿಂಪಡಣೆ ಮಾಡಿದರು. ಅದಕ್ಕೆ ಮುಯ್ಯಾಗಿ ಯಜಮಾನರು ಮೂರು ಮನೆಗಳಿಗೂ ಬೋರ್ಡೋ ದ್ರಾವಣ ತಯಾರಿಸುವ ಉಸ್ತುವಾರಿ ವಹಿಸಿಕೊಂಡರು. ನೀರು ಹೊರುವುದು ಹುಡುಗರ ಪಾಲು, ಹದ ನೋಡುವುದು ಇವರ ಪಾಲು. 50 ಲೀಟರ್ ನೀರಿನಲ್ಲಿ ಒಂದು ಕಿಲೋ ಮೈಲುತುತ್ತ, ಬೇರೆ 50 ಲೀಟರಿನಲ್ಲಿ ಒಂದು ಕಿಲೋ ಸುಣ್ಣ. ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯುತ್ತ ಕಲಕುವುದು. ಹೊಳೆಯುವ ಕಬ್ಬಿಣದ ಚೂರಿ ಅದ್ದಿ, ತಾಮ್ರದ ಬಣ್ಣ ಹತ್ತಿದರೆ ಇನ್ನಷ್ಟು ಸುಣ್ಣ ಸೇರಿಸುವುದು. ಇಷ್ಟನ್ನು ಹೆಗಲಿಗೆ ಮೇಲೆ ಕೈ ಎತ್ತದೆ ಮಾಡಬಹುದು. ಆ ಮಳೆಗಾಲ ಮೂರು ತೋಟಗಳಲ್ಲಿಯೂ ದ್ರಾವಣ ಹದ ತಪ್ಪಲಿಲ್ಲ. “ಹೆಗಲು ಕೆಟ್ಟ ಮೇಲೆ ನಾನು ಚೂರಿ ನೋಡುವ ಯಜಮಾನ ಆದೆ” ಎಂದು ಅವರು ನಕ್ಕರು.

ಇವತ್ತು ಅವರ ಹೆಗಲು ಹೇಗಿದೆ? ನಿಜವನ್ನೇ ಹೇಳಬೇಕು. ಪೂರ್ತಿ ಮೊದಲಿನಂತಾಗಿಲ್ಲ. ಎತ್ತರದ ಮರಕ್ಕೆ ದೋಟಿ ಎತ್ತುವುದನ್ನು ಅವರು ಬಿಟ್ಟೇಬಿಟ್ಟಿದ್ದಾರೆ. ಆದರೆ ರಾತ್ರಿ ಬಲ ಮಗ್ಗುಲಲ್ಲಿ ನಿದ್ದೆ ಮಾಡುತ್ತಾರೆ. ಗಿಡ್ಡ ಮರಗಳ ಗೊನೆ ಇಳಿಸುತ್ತಾರೆ. ಬಲಗೈಯಿಂದಲೇ ಚೊಂಬು ಎತ್ತಿ ತಲೆಗೆ ನೀರು ಹೊಯ್ದುಕೊಳ್ಳುತ್ತಾರೆ. ಸೈಕಲ್ ಟ್ಯೂಬು ಇನ್ನೂ ಕಂಬದಲ್ಲಿಯೇ ಇದೆ. ವಾರಕ್ಕೆ ಮೂರು ದಿನ ಎಳೆಯುತ್ತಾರೆ. ಆರು ತಿಂಗಳು ಮೊದಲೇ ತೋರಿಸಿದ್ದರೆ ಇನ್ನೂ ಚೆನ್ನಾಗಿ ಆಗುತ್ತಿತ್ತೇನೋ ಎಂಬ ಯೋಚನೆ ಅವರಿಗೂ ಇದೆ, ನನಗೂ ಇದೆ.

ಎಲ್ಲರಿಗೂ ವ್ಯಾಯಾಮ ಸಾಕಾಗುತ್ತದೆಂದು ನಾನು ಹೇಳುತ್ತಿಲ್ಲ. ಬಿದ್ದ ಪೆಟ್ಟಿಗೆ ರಜ್ಜು ಪೂರ್ತಿ ಹರಿದರೆ, ಅದರಲ್ಲಿಯೂ ದುಡಿಯುವ ವಯಸ್ಸಿನವರಿಗೆ, ಶಸ್ತ್ರಚಿಕಿತ್ಸೆ ಬೇಕಾಗಬಹುದು, ಅದಕ್ಕೆ ತಡಮಾಡಬಾರದು. ಅದಾದ ಮೇಲೆ ನಾಲ್ಕರಿಂದ ಆರು ವಾರ ಕೈ ಜೋಳಿಗೆಯಲ್ಲಿ. ಬಲದ ವ್ಯಾಯಾಮ ಸುಮಾರು ಮೂರು ತಿಂಗಳ ಮೇಲೆ. ಭಾರದ ಕೆಲಸಕ್ಕೆ ಆರು ತಿಂಗಳು, ಕೆಲವರಿಗೆ ಇನ್ನೂ ಹೆಚ್ಚು. ಇದನ್ನು ಲೆಕ್ಕದಲ್ಲಿಟ್ಟು, ಆಗುವಂತಿದ್ದರೆ ಕೊಯ್ಲಿನ ಕಾಲಕ್ಕೆ ಮೊದಲೇ ಆಳುಕಾಳಿನ ಏರ್ಪಾಡು ಮಾಡಿಕೊಳ್ಳಬೇಕು.

ಕೊನೆಯದಾಗಿ ಕೆಲವು ಎಚ್ಚರಿಕೆಗಳು. ಬಿದ್ದ ಕೂಡಲೇ ಕೈ ಎತ್ತಲಾಗದಿದ್ದರೆ, ಹೆಗಲಿನ ಆಕಾರ ಕೆಟ್ಟಿದ್ದರೆ, ಅದೇ ದಿನ ಆಸ್ಪತ್ರೆಗೆ ಹೋಗಿ. ಯಾರ ಕೈಯಿಂದಲೂ ಎಳೆಸಿ ತಿರುಚಿಸಬೇಡಿ. ಜ್ವರದೊಡನೆ ಹೆಗಲು ಕೆಂಪಾಗಿ ಬಾತರೂ, ಕೈ ಮರಗಟ್ಟಿದರೂ ಹಾಗೆಯೇ. ಹೆಗಲು ನೋವಿನ ಜೊತೆಗೆ ಎದೆ ಬಿಗಿದು ಬೆವರು ಕಿತ್ತರೆ, ಉಸಿರು ಕಟ್ಟಿದರೆ, ಅದು ಹೆಗಲಿನ ಬೇನೆಯಲ್ಲ, ಹೃದಯದ್ದಿರಬಹುದು. ಒಂದು ಗಳಿಗೆಯೂ ಕಾಯಬಾರದು. ಹೆಗಲಿಗೆ ಇಂಜೆಕ್ಷನ್ ಕೊಡುವುದು ವೈದ್ಯರ ವಿವೇಚನೆಗೆ ಬಿಟ್ಟದ್ದು. ಕೊಯ್ಲು ಮುಗಿಸಬೇಕೆಂದು ನೀವಾಗಿ ಮತ್ತೆ ಮತ್ತೆ ಕೇಳಿ ಹಾಕಿಸಿಕೊಂಡರೆ ರಜ್ಜು ಇನ್ನಷ್ಟು ದುರ್ಬಲವಾಗಬಹುದು.

ಮಹನೀಯರೇ, ಬಿಲ್ಲುಗಾರನಿಗೆ ಒಂದು ವರ್ಷದ ಬೇಟೆ ತಪ್ಪಿತು. ಅವನಿಗೆ ಅದು ಹವ್ಯಾಸ. ತಪ್ಪಿದರೆ ಊಟ ತಪ್ಪುವುದಿಲ್ಲ. ನಮಗೆ ಹೆಗಲೇ ಬಂಡವಾಳ. ಹವ್ಯಾಸಕ್ಕಾಗಿ ಅವನು ಅಷ್ಟು ತಾಳ್ಮೆ ತೋರಿಸಿದನೆಂದರೆ, ಅನ್ನಕ್ಕಾಗಿ ನಾವು ಎಷ್ಟು ತೋರಿಸಬೇಕು? ಇವತ್ತು ಮನೆಗೆ ಹೋದ ಮೇಲೆ ನಿಮ್ಮ ಎರಡೂ ಕೈಗಳನ್ನು ಒಟ್ಟಿಗೆ ಮೇಲೆತ್ತಿ ನೋಡಿಕೊಳ್ಳಿ. ಒಂದು ಹಿಂದೆ ಬಿದ್ದರೆ ಮುಚ್ಚಿಡಬೇಡಿ. ಮನೆಯವರಿಗೆ ಹೇಳಿ, ವೈದ್ಯರಿಗೆ ತೋರಿಸಿ. ಸಂಕೋಚವಾದರೆ ನನಗೆ ಹೇಳಿ, ಜೊತೆಗೆ ನಾನು ಬರುತ್ತೇನೆ. ಎತ್ತಿನ ಹೆಗಲಿನಿಂದ ನೊಗ ಇಳಿಸುವಾಗ ನೀವು ನಾಚುವುದಿಲ್ಲ. ನಿಮ್ಮ ಹೆಗಲಿನಿಂದ ಇಳಿಸುವುದಕ್ಕೂ ನಾಚಬೇಕಾಗಿಲ್ಲ.